ಬಾತಿ ರಸ್ತೆಯ ಊದುವ ಯಂತ್ರಕ್ಕೆ ಹಳೇಪೇಟೆಯ ಮೂಗಿನ ಅಹವಾಲು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ, ಬಾತಿಯ ಹತ್ತಿರ ಬೇವಿನ ಮರದ ನೆರಳಿನಲ್ಲಿ, ಹೆಡ್ ಕಾನ್‌ಸ್ಟೇಬಲ್ ಮಹೇಂದ್ರ ಅವರ ಬಲಗೈಯಲ್ಲಿ ವಾಸವಾಗಿದ್ದುಕೊಂಡು, ಹೋಗಿಬರುವ ಚಾಲಕರ ಬಾಯಿಯ ಗಾಳಿ ಹಿಡಿದು ಕುಡಿದವರಾರು ಕುಡಿಯದವರಾರು ಎಂದು ತೀರ್ಪು ಹೇಳುವ ಊದುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಬ್ಯಾಟರಿ ತುಂಬಿಸಿಕೊಂಡು, ಬಾಯಿಗೆ ಹೊಸ ಪ್ಲಾಸ್ಟಿಕ್ ಕೊಳವೆ ಇಟ್ಟುಕೊಂಡು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ಕ್ಷೇಮವಿದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲವಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ನಾನು ಮರುಳಸಿದ್ದಮ್ಮ, ವಯಸ್ಸು ಎಪ್ಪತ್ನಾಲ್ಕು, ವಾಸ ದಾವಣಗೆರೆ ಹಳೇಪೇಟೆ, ಓದಿದ್ದು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು, ಅದೂ ಮೇಷ್ಟ್ರು ಬಂದ ದಿನಗಳು ಮಾತ್ರ. ಈ ಪತ್ರದ ಅಕ್ಷರಗಳು ಅಲ್ಲಲ್ಲಿ ನಡುಗಿರುವುದನ್ನು ತಾವು ಮನ್ನಿಸಬೇಕು. ಕಾರಣವನ್ನು ಕೊನೆಗೆ ತಿಳಿಸುತ್ತೇನೆ.

ಮೊದಲಿಗೆ ಪರಿಚಯ. ತಮ್ಮ ಕಸುಬೂ ನನ್ನ ಕಸುಬೂ ಒಂದೇ. ತಮ್ಮನ್ನು ಸರ್ಕಾರ ನೇಮಿಸಿತು, ನನ್ನನ್ನು ಮದುವೆ ನೇಮಿಸಿತು, ಅಷ್ಟೇ ವ್ಯತ್ಯಾಸ. ನಮ್ಮ ಮನೆಯಲ್ಲಿ ಗಂಡಸರು ಹೊರಗಿನಿಂದ ಬಂದರೆ ಹೊಸ್ತಿಲ ಆಚೆ ನಿಂತು, ಒಳಗಿರುವ ಹೆಂಗಸಿನ ಮುಖದ ಹತ್ತಿರ ಬಾಯಿ ತಂದು ‘ಹಾ’ ಎನ್ನಬೇಕು, ಅದಾದ ಮೇಲೆ ಕಾಲಿಗೆ ನೀರು. ಈ ಪದ್ಧತಿ ತಂದವರು ನಮ್ಮ ಅತ್ತೆಯವರು. ಹೋಗುವ ಮುಂಚೆ ಅವರು ನನಗೆ ಒಪ್ಪಿಸಿ ಹೋದದ್ದು ಎರಡು: ರೊಟ್ಟಿ ಬಡಿಯುವ ಕಲ್ಲು ಮತ್ತು ಈ ಕೆಲಸ. ಕಲ್ಲು ಒಡೆದು ಇಪ್ಪತ್ತು ವರ್ಷವಾಯಿತು. ಕೆಲಸ ಇನ್ನೂ ಇದೆ.

ನಮ್ಮ ಯಜಮಾನರು ಪಂಚಾಕ್ಷರಪ್ಪನವರು ಹತ್ತಿ ಗಿರಣಿಯಲ್ಲಿದ್ದರು. ಪಾಳಿ ಮುಗಿಸಿ ಬರುವಾಗ ದಾರಿಯಲ್ಲಿ ಒಂದು ಕಡೆ ನಿಂತು ಬರುವ ಅಭ್ಯಾಸ ಅವರಿಗಿತ್ತು, ನಿಂತದ್ದು ಮನೆಗೆ ತಿಳಿಯಬಾರದೆಂಬ ಆಸೆಯೂ ಇತ್ತು. ಹೀಗಾಗಿ ಅವರ ಬಾಯಲ್ಲಿ ಒಂದು ದಿನ ಏಲಕ್ಕಿ, ಒಂದು ದಿನ ಪೇರಲ ಎಲೆ, ಒಂದು ದಿನ ಹಸಿ ಈರುಳ್ಳಿ, ಒಂದು ದಿನ ಅರ್ಧ ಡಬ್ಬಿ ಹಲ್ಲುಪುಡಿ ಇರುತ್ತಿತ್ತು. ಎಲ್ಲದರ ಅಡಿಯಲ್ಲಿ ಅದೂ ಇರುತ್ತಿತ್ತು. ಒಂದು ಶ್ರಾವಣ ಸೋಮವಾರ ನಾಲ್ಕೆಸಳು ಬೆಳ್ಳುಳ್ಳಿ ಅಗಿದು ಬಂದು ಬಹಳ ಧೈರ್ಯದಿಂದ ‘ಹಾ’ ಎಂದರು. ಆ ದಿನ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂಬುದು ಅವರಿಗೆ ಹೊಸ್ತಿಲ ಮೇಲೆ ನೆನಪಾಯಿತು. ಕೊನೆಗೆ ಹೊಟ್ಟೆ ತುಂಬ ನೀರು ತುಂಬಿಕೊಂಡು ದವಾಖಾನೆಯಲ್ಲಿ ಮಲಗಿದ್ದಾಗಲೂ, ಯಾರೋ ಪುಣ್ಯಾತ್ಮರು ಕಿತ್ತಳೆ ಜ್ಯೂಸಿನ ಬಾಟಲಿಯಲ್ಲಿ ತಂದುಕೊಟ್ಟಿದ್ದನ್ನು ನಾನು ವಾರ್ಡಿನ ಬಾಗಿಲಿನಿಂದಲೇ ಮೂಸಿ ಹಿಡಿದೆ. ನನ್ನ ದಾಖಲೆ ಕೇಳಿದರೆ ತಮಗೂ ಹೊಟ್ಟೆಕಿಚ್ಚಾಗಬೇಕು. ಹಿಡಿದದ್ದು ಪ್ರತಿ ಸಲ. ನಿಲ್ಲಿಸಿದ್ದು ಒಂದು ಸಲವೂ ಇಲ್ಲ. ಅವರು ಐವತ್ತೆರಡಕ್ಕೆ ಹೋದರು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗ ಬಕ್ಕೇಶ್, ವಯಸ್ಸು ಇಪ್ಪತ್ತೇಳು, ಅಪ್ಪ ಅಮ್ಮ ಹರಿಹರದಲ್ಲಿದ್ದರೂ ಇವನು ಕೆಲಸದ ಸಲುವಾಗಿ ನನ್ನ ಜೊತೆಗಿದ್ದಾನೆ. ಸ್ವಂತ ವ್ಯಾನಿನಲ್ಲಿ ಹನ್ನೊಂದು ಮಕ್ಕಳನ್ನು ಬಾತಿಯ ಆಚೆಗಿರುವ ಶಾಲೆಗೆ ಬಿಟ್ಟು ಕರೆತರುವುದು ಅವನ ಕೆಲಸ. ಅವನು ಹುಟ್ಟುವ ಹೊತ್ತಿಗೆ ತಾತ ಹೋಗಿಯಾಗಿತ್ತು, ಆದರೆ ಕಥೆ ಮನೆಯಲ್ಲೇ ಇತ್ತು, ಆದ್ದರಿಂದ ಅವನು ಹೆಂಡ ಮುಟ್ಟಲಿಲ್ಲ. ದಿನಾ ಬಂದು ತಾನಾಗಿಯೇ ‘ಹಾ’ ಎನ್ನುತ್ತಿದ್ದ. ಬಾಯಲ್ಲಿ ಬರೀ ಬಾಯಿ ಇರುತ್ತಿತ್ತು. ತಮ್ಮ ಮುಂದೆಯೂ ಆರು ಸಲ ಊದಿದ್ದಾನೆ, ಆರು ಸಲವೂ ತಾವು ಸೊನ್ನೆ ತೋರಿಸಿದ್ದೀರಿ. ಅಜ್ಜಿಯೂ ಸೊನ್ನೆ, ಸರ್ಕಾರವೂ ಸೊನ್ನೆ. ಇದಕ್ಕಿಂತ ದೊಡ್ಡ ಬಿರುದು ನಮ್ಮ ವಂಶದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಎರಡು ವರ್ಷದ ಹಿಂದೆ ಅವನಿಗೆ ಬೆನ್ನು ಹಿಡಿದುಕೊಂಡಿತು. ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಹುಡುಗ ಹೊತ್ತಿಗೆ ಸರಿಯಾಗಿ ನುಂಗಿದ. ನಾನು ಬಿ.ಪಿ. ಮಾತ್ರೆಯನ್ನು ವಾರಕ್ಕೆ ಮೂರು ದಿನ ಮರೆಯುವವಳು, ಅವನ ಶಿಸ್ತು ನೋಡಿ ಓಣಿಯಲ್ಲೆಲ್ಲ ಹೊಗಳಿಕೊಂಡು ಬಂದೆ. ಐದು ದಿನ ಮುಗಿದ ಮೇಲೂ ಅವನು ನುಂಗುತ್ತಲೇ ಇದ್ದ, ಚೀಟಿ ಕೇಳದೆ ಕೊಡುವವರು ಸಿಕ್ಕರಂತೆ, ಎರಡಿದ್ದದ್ದು ನಾಲ್ಕಾಯಿತು, ನಾಲ್ಕಿದ್ದದ್ದು ಎಂಟಾಯಿತು. ಆಗಲೂ ನನಗೆ ಕಂಡದ್ದು ಅವನ ಶಿಸ್ತು ಮಾತ್ರ. ನೀರಿನ ಲೋಟ ಕೈಗೆ ಕೊಟ್ಟವಳು ನಾನೇ. ಗಂಡನಿಗೆ ಒಂದು ದಿನವೂ ಬಾಟಲಿ ಎತ್ತಿ ಕೊಡದ ಕೈ, ಮೊಮ್ಮಗನಿಗೆ ಎರಡು ವರ್ಷ ಲೋಟ ಹಿಡಿದಿದೆ ಎಂಬುದನ್ನು ತಾವು ದಯವಿಟ್ಟು ಗುರುತು ಮಾಡಿಕೊಳ್ಳಬೇಕು.

ಅದೇ ಸಮಯದಲ್ಲಿ ಹದಡಿಯಿಂದ ಸಂಬಂಧ ಬಂತು. ಹುಡುಗಿ ರೂಪಶ್ರೀ, ಬಿ.ಎಡ್. ಮಾಡಿದ್ದಾಳೆ, ಎದುರಿಗೆ ಕೂತವರನ್ನು ನೇರವಾಗಿ ನೋಡುತ್ತಾಳೆ. ಮಾತುಕತೆಯ ನಡುವೆ ಅವಳ ಅಜ್ಜಿ ದ್ರಾಕ್ಷಾಯಣಮ್ಮ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ, ‘ಯಕ್ಕಾ, ತಪ್ಪು ತಿಳಿಬ್ಯಾಡ್ರಿ, ಹುಡುಗ ಕುಡಿಯೋದು ಗಿಡಿಯೋದು ಐತೇನ್ರಿ’ ಎಂದು ಕೇಳಿದರು. ಬಾಯಿಮಾತಿನ ಸಾಕ್ಷಿ ನನಗೆ ಸೇರುವುದಿಲ್ಲ. ಬಕ್ಕೇಶನನ್ನು ಅಲ್ಲಿಗೇ ಕರೆಸಿ, ‘ಹಾ ಅನ್ನಪ್ಪ’ ಎಂದೆ. ಎರಡು ಮುದಿ ಮೂಗುಗಳು ಒಂದೇ ಬಾಯಿಯ ಮುಂದೆ ನಿಂತವು. ಕೇಸರಿಬಾತಿನ ವಾಸನೆ ಬಂತು, ಅದೂ ಅವರ ಮನೆಯದೇ. ದ್ರಾಕ್ಷಾಯಣಮ್ಮ ಕಣ್ಣೊರೆಸಿಕೊಂಡರು, ಅವರ ಅಳಿಯನೊಬ್ಬ ಕುಡಿದೇ ಹಾಳಾದವನು. ಆ ಗಳಿಗೆಯಲ್ಲೇ ಎಲೆ ಅಡಿಕೆ ಹಿಡಿದು ಮದುವೆ ಗೊತ್ತಾಯಿತು. ಆ ದಿನ ಅಲ್ಲಿಗೆ ಬರುವ ಮುಂಚೆ ಅವನು ಆರು ಮಾತ್ರೆ ನುಂಗಿದ್ದ ಎಂಬುದು ನನಗೆ ತಿಳಿದದ್ದು ಮೊನ್ನೆ.

ಇನ್ನು ತಮ್ಮ ನನ್ನ ಮುಖಾಮುಖಿಯ ವಿಚಾರ. ಹದಿನೇಳು ದಿನದ ಹಿಂದೆ ಸೋಮವಾರ, ಬೆಳಿಗ್ಗೆ ಎಂಟೂಕಾಲಿಗೆ, ನಾನು ಮಕ್ಕಳ ವ್ಯಾನಿನಲ್ಲಿ ಕೂತು ಹೊರಟಿದ್ದೆ. ಶಾಲೆಯ ಹತ್ತಿರ ಇಳಿದು ಅಲ್ಲಿಂದ ಬಸ್ಸಿಗೆ ಹರಿಹರ, ಮಗನ ಮನೆಗೆ. ದಾರಿಯಲ್ಲಿ ಕೆಮ್ಮು ಬಂತು. ಪಂಡಿತರು ಕೊಟ್ಟ ದಶಮೂಲಾರಿಷ್ಟದ ಬಾಟಲಿ ಚೀಲದಲ್ಲಿತ್ತು, ಮುಚ್ಚಳದಲ್ಲಿ ಅಳೆಯಲು ವ್ಯಾನಿನ ಕುಲುಕು ಬಿಡಲಿಲ್ಲ, ಹಾಗೇ ಎರಡು ಗುಟುಕು ಎತ್ತಿದೆ. ಅಷ್ಟರಲ್ಲಿ ಬೇವಿನ ಮರ ಬಂತು, ಮಹೇಂದ್ರ ಕೈ ಅಡ್ಡ ಹಿಡಿದರು, ಬಕ್ಕೇಶ್ ಊದಿದ, ತಾವು ಸೊನ್ನೆ ಎಂದಿರಿ. ನನಗೆ ಅಭಿಮಾನ ಉಕ್ಕಿತು. ನಾನೂ ಊದುತ್ತೇನೆ ಎಂದೆ. ಮಹೇಂದ್ರ ಒಳ್ಳೆಯ ಮನುಷ್ಯ, ‘ನಿಮಗ್ಯಾಕ್ರಿ ಅಜ್ಜಿ, ನೀವೇನು ಗಾಡಿ ಹೊಡೀತೀರೇನು’ ಎಂದರು. ‘ಹೊಡೆಯಲ್ಲಪ್ಪ, ಆದ್ರೆ ನಾನೂ ಇದೇ ಕೆಲಸದಾಕಿ, ನಿನ್ನ ಮಿಶಿನ್ ಹೆಂಗೈತೆ ನೋಡ್ತೀನಿ ತಾ’ ಎಂದೆ. ಕಿರಿಯರನ್ನು ಹಿರಿಯರು ಒಮ್ಮೆ ಪರೀಕ್ಷೆ ಮಾಡುವುದು ಲೋಕದಲ್ಲಿ ಇರುವುದೇ.

ತಾವು ಕಿರುಚಿದಿರಿ. ತಮ್ಮ ಮುಖದ ಮೇಲೆ ನೂರು ದಾಟಿದ ಅಂಕಿ ಬಂತು. ಹನ್ನೊಂದು ಮಕ್ಕಳು ಚಪ್ಪಾಳೆ ತಟ್ಟಿದವು. ಅರಿಷ್ಟದಲ್ಲಿ ಅದು ಇರುತ್ತದೆ, ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಬಿಟ್ಟು ಊದಿದರೆ ಸರಿಹೋಗುತ್ತದೆ ಎಂದು ಮಹೇಂದ್ರ ನಗುತ್ತಲೇ ಹೇಳಿದರು, ಆದರೆ ಶಾಲೆಗೆ ಹೊತ್ತಾಗಿತ್ತು. ಹಿಂದಿನ ಗಾಡಿಯವನೊಬ್ಬ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ಆ ವಿಡಿಯೋ ನಮಗಿಂತ ಮುಂಚೆ ಶಾಲೆ ತಲುಪಿತು. ಆ ವಾಹನದಲ್ಲಿದ್ದ ಹದಿಮೂರು ಜನರಲ್ಲಿ ಚಾಲಕನ ಹೊಟ್ಟೆಯಲ್ಲಿ ಎಂಟು ಮಾತ್ರೆ ಇದ್ದವು, ಅವನಿಗೆ ಶುಭಪ್ರಯಾಣ. ಕೆಮ್ಮಿನ ಔಷಧಿ ಕುಡಿದ ಮುದುಕಿ ಕುಡುಕಿ. ತಮ್ಮ ವಿವೇಚನೆಗೆ ಎಷ್ಟು ಕೈ ಮುಗಿದರೂ ಸಾಲದು.

ಬಕ್ಕೇಶನೂ ನಕ್ಕ. ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಕ್ಕ. ಅದನ್ನು ನಾನು ಕಂಡೆ, ಏನೆಂದು ತಿಳಿಯಲಿಲ್ಲ. ಇನ್ನೂ ಒಂದು ಮೈಲು ಹೋಗಿರಲಿಲ್ಲ, ಗದ್ದೆಗೆ ನೀರು ಹರಿಯುವ ಚಾನಲ್ಲಿನ ಪಕ್ಕದ ನೆಟ್ಟನೆಯ ರಸ್ತೆಯಲ್ಲಿ, ಎದುರಿಗೆ ಒಂದು ಎಮ್ಮೆಯೂ ಇಲ್ಲದಾಗ, ವ್ಯಾನು ಮೆಲ್ಲಗೆ ಎಡಕ್ಕೆ ಇಳಿಯಿತು. ಯಾರೋ ಬೇಕೆಂದೇ ಇಳಿಸಿದ ಹಾಗೆ ಇಳಿಯಿತು. ನಾನು ಅವನ ಹೆಸರು ಹಿಡಿದು ಕೂಗಿದ್ದು ನನಗೇ ಕೇಳಿಸಲಿಲ್ಲ. ಬ್ರೇಕು ಹಿಡಿದಾಗ ಮುಂದಿನ ಗಾಲಿಗೂ ನೀರಿಗೂ ನಡುವೆ ಒಂದು ಮೊಳ ಮಣ್ಣಿತ್ತು. ನನ್ನ ಪಕ್ಕದಲ್ಲಿದ್ದ ಸ್ನೇಹಾ, ಒಂದನೇ ಕ್ಲಾಸಿನ ಕೂಸು, ಮುಂದಿನ ಸೀಟಿಗೆ ಬಡಿದು ತುಟಿ ಒಡೆದುಕೊಂಡಿದ್ದಳು. ಅಳುವ ಬದಲು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, ‘ಅಜ್ಜಿ, ಬಕ್ಕೇಶಣ್ಣಂಗೆ ದಿನಾ ಇಲ್ಲೇ ನಿದ್ದಿ ಬರ್ತೈತೆ. ಇವತ್ತು ಕೂಗೋ ಪಾಳಿ ನಂದು, ನೀನು ಬಂದಿದ್ದಿ ಅಂತ ಮರೆತುಬಿಟ್ಟೆ’ ಎಂದಳು.

ಮಾನ್ಯರೇ, ಆ ಮಕ್ಕಳು ಪಾಳಿ ಹಾಕಿಕೊಂಡಿದ್ದವು. ಸೋಮವಾರ ಸ್ನೇಹಾ, ಮಂಗಳವಾರ ಇನ್ನೊಂದು, ಹೀಗೆ ವಾರಪೂರ್ತಿ. ಆ ನೆಟ್ಟನೆಯ ರಸ್ತೆ ಬಂದ ಕೂಡಲೇ ‘ಅಣ್ಣಾ’ ಎಂದು ಕೂಗಬೇಕು, ಅವನು ‘ಆಂ’ ಎಂದರೆ ಸುಮ್ಮನಾಗಬೇಕು. ಅದು ಆಟವೆಂದು ಅವು ತಿಳಿದಿದ್ದವು, ಆದ್ದರಿಂದ ಮನೆಯಲ್ಲಿ ಹೇಳಿರಲಿಲ್ಲ. ತಾವು ಸರ್ಕಾರದ ಯಂತ್ರ, ನಾನು ಐದು ದಶಕದ ಮೂಗು. ನಮ್ಮಿಬ್ಬರಿಂದಲೂ ಆಗದ ಕೆಲಸವನ್ನು ಹಾಲುಹಲ್ಲಿನ ಹನ್ನೊಂದು ಮಕ್ಕಳು ಯಾವ ಪ್ಲಾಸ್ಟಿಕ್ ಕೊಳವೆಯೂ ಇಲ್ಲದೆ ಮಾಡಿಕೊಂಡು ಬಂದಿದ್ದವು.

ಅವಳ ತುಟಿಗೆ ಹತ್ತಿ ಹಚ್ಚೋಣವೆಂದು ವ್ಯಾನಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆಗೆದೆ. ಶಾಲೆ ವಾಹನದಲ್ಲಿ ಆ ಪೆಟ್ಟಿಗೆ ಇರಲೇಬೇಕೆಂದು ಕಾನೂನಿದೆಯಂತೆ. ಇತ್ತು. ಹತ್ತಿ ಇರಲಿಲ್ಲ, ಡೆಟಾಲು ಇರಲಿಲ್ಲ. ಮಾತ್ರೆಯ ಹಾಳೆಗಳು ಒಂದರ ಮೇಲೊಂದು, ಖಾಲಿಯಾದವು ಒಂದು ಕಡೆ, ತುಂಬಿದವು ಒಂದು ಕಡೆ, ಬಹಳ ಅಚ್ಚುಕಟ್ಟಾಗಿದ್ದವು. ಶಿಸ್ತಿನ ಹುಡುಗ ಎಂದೆನಲ್ಲ. ಒಂದು ಹಾಳೆಯನ್ನು ಸೆರಗಿಗೆ ಕಟ್ಟಿಕೊಂಡು, ಶಾಲೆ ಅಲ್ಲಿಂದ ಕಣ್ಣಿಗೆ ಕಾಣುತ್ತಿದ್ದುದರಿಂದ ಮಕ್ಕಳನ್ನು ಇಳಿಸಿ ನಡೆಸಿಕೊಂಡು ಹೋದೆ.

ಶಾಲೆಯ ದೊಡ್ಡ ಮೇಡಂ ಅವರಿಗೆ, ನಮ್ಮ ಹುಡುಗನ ಕೈಗೆ ಮಕ್ಕಳನ್ನು ಕೊಡಬೇಡಿರೆಂದು ಕೈಮುಗಿದು ಹೇಳಿದೆ. ಅವರು ನನ್ನನ್ನು ನೋಡಿದರು, ಮೊಬೈಲನ್ನು ನೋಡಿದರು. ‘ಅಜ್ಜಿ, ಬಕ್ಕೇಶ್ ರೆಕಾರ್ಡ್ ಕ್ಲೀನ್ ಐತ್ರಿ, ಆರು ಸಲ ಚೆಕ್ ಆಗೈತೆ, ಆರೂ ಸಲ ಸೊನ್ನೆ. ನೀವು ಮೊದಲು ಸ್ವಲ್ಪ ಕೂಡ್ರಿ’ ಎಂದರು. ಆಯಾ ಒಬ್ಬಳು ನನಗೆ ನಿಂಬೆಹಣ್ಣು ಹಿಂಡಿದ ನೀರು ತಂದುಕೊಟ್ಟಳು. ಸಕ್ಕರೆ ಹಾಕಿರಲಿಲ್ಲ, ಕುಡಿದವರಿಗೆ ಹಾಗೆ ಕೊಡುವುದಂತೆ. ಅದನ್ನು ಕುಡಿದು ಬಂದೆ. ನನ್ನ ಅಹವಾಲಿನ ತಿರುಳು ಇದೇ. ಐವತ್ತಾರು ವರ್ಷ ನಾನು ಒಬ್ಬರ ಬಾಯಿಯ ಬಗ್ಗೆ ಹೇಳಿದ ಮಾತು ಓಣಿಯಲ್ಲಿ ಸುಳ್ಳಾಗಿರಲಿಲ್ಲ. ಒಂದೇ ಒಂದು ದಿನ ಸತ್ಯ ಹೇಳುವ ಅಗತ್ಯ ಬಿತ್ತು, ಅದೇ ದಿನ ಬೆಳಿಗ್ಗೆ ತಾವು ನನ್ನನ್ನು ಕುಡುಕಿ ಮಾಡಿದ್ದಿರಿ.

ಹರಿಹರಕ್ಕೆ ಹೋಗದೆ ಬಸ್ಸು ಹಿಡಿದು ಊರಿಗೆ ವಾಪಸಾದ ಮೇಲೆ ಪಕ್ಕದ ಮನೆಯ ಅಖ್ತರ್ ಬಾನು ಹತ್ತಿರ ಹೋದೆ. ಅವಳು ಪಿ.ಜೆ. ಬಡಾವಣೆಯ ಒಂದು ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ಹಾಳೆ ತಿರುಗಿಸಿ ನೋಡಿ, ‘ಅಕ್ಕಾ, ಇದು ಐದು ದಿನದ ಮಾತ್ರೆ. ಎರಡು ವರ್ಷ ತಗೊಂಡಿದ್ದಾನಂದ್ರೆ ಇದು ಬೆನ್ನಿಗಲ್ಲ. ಹೆಂಡಕ್ಕಿಂತ ಇದೇನು ಸಣ್ಣದಲ್ಲ, ವಾಸನಿ ಇಲ್ಲ ಅಷ್ಟೇ. ಒಮ್ಮೆಗೇ ನಿಲ್ಲಿಸಿದರೂ ಜೀವಕ್ಕೆ ಬರ್ತೈತೆ, ಡಾಕ್ಟ್ರೇ ಇಳಿಸಬೇಕು’ ಎಂದಳು. ಅವಳಿಗೆ ಗೊತ್ತಿರುವ ಮನೆಗಳನ್ನು ಬೆರಳು ಮಡಚಿ ಹೇಳತೊಡಗಿದಳು: ಕೆಮ್ಮಿನ ಸಿರಪ್ಪು ಕುಡಿಯುವ ಕಾಲೇಜು ಹುಡುಗಿ, ಸೈಕಲ್ ಪಂಚರಿನ ಸಲ್ಯೂಷನ್ನನ್ನು ಕರವಸ್ತ್ರಕ್ಕೆ ಹಚ್ಚಿ ಮೂಸುವ ಮಕ್ಕಳು, ಗಾಂಜಾ ಸೇದಿ ಪರೀಕ್ಷೆಗೆ ಹೋದವನು, ನಿದ್ದೆ ಮಾತ್ರೆಯಿಲ್ಲದೆ ಸಂಕ್ರಾಂತಿಯ ಎಳ್ಳನ್ನೂ ಬೀರಲಾರದ ಒಬ್ಬ ಗೌರವಸ್ಥ ಹೆಂಗಸು. ಎರಡೂ ಕೈಯ ಬೆರಳು ಮುಗಿದ ಮೇಲೆ ಸಾಕು ಎಂದೆ. ಇವರೆಲ್ಲ ನಮ್ಮ ಹೊಸ್ತಿಲಲ್ಲಿ ನಿಂತು ‘ಹಾ’ ಎಂದರೆ ನಾನು ಕಾಲಿಗೆ ನೀರು ಕೊಡುತ್ತಿದ್ದೆ.

ಮಧ್ಯಾಹ್ನ ಬಕ್ಕೇಶ್ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿ, ಉಂಡು ಮಲಗಿದ್ದ. ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ವ್ಯಾನಿನ ಕೀಲಿ ತೆಗೆದೆ. ಮೂರೂವರೆಗೆ ಮಕ್ಕಳನ್ನು ಕರೆತರಬೇಕು, ಕೀಲಿ ಇಲ್ಲ. ಫೋನು ಮಾಡಿದ ತಾಯಂದಿರಿಗೆಲ್ಲ ನಾನೇ ಕಳೆದೆ ಎಂದು ಹೇಳಿದೆ. ಕುಡಿದ ಅಜ್ಜಿ ಕೀಲಿ ಕಳೆದಳು ಎಂಬುದನ್ನು ಯಾರೂ ಎರಡನೇ ಸಲ ಕೇಳಲಿಲ್ಲ, ಎಲ್ಲರೂ ಬೇರೆ ಆಟೋ ಗೊತ್ತು ಮಾಡಿಕೊಂಡರು. ಈ ಒಂದು ಉಪಕಾರಕ್ಕೆ ನಾನು ತಮಗೆ ಸಾಯುವ ತನಕ ಋಣಿ.

ಅವನು ಹುಡುಕಿದ. ಅಕ್ಕಿ ಡಬ್ಬಿ, ಖಾರದ ಪುಡಿ ಡಬ್ಬಿ, ಹಾಸಿಗೆಯ ಸುರುಳಿ, ನೀರಿನ ಟ್ಯಾಂಕು. ಕೂಗಾಡಿದ, ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ನನಗೆ ಆಡಿದ, ಆಮೇಲೆ ಅತ್ತ. ಕೀಲಿ ನನ್ನ ಕುತ್ತಿಗೆಯಲ್ಲೇ ಇತ್ತು, ಈಗಲೂ ಇದೆ, ಲಿಂಗದ ವಸ್ತ್ರದಲ್ಲಿ, ಶಿವದಾರಕ್ಕೆ ಕಟ್ಟಿದ್ದೇನೆ. ದಿನಾ ಪೂಜೆಗೆ ಬಿಚ್ಚುವಾಗ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ಶಾಸ್ತ್ರಕ್ಕೆ ಒಪ್ಪುತ್ತದೋ ಇಲ್ಲವೋ ಸ್ವಾಮಿಗಳನ್ನು ಕೇಳಿಲ್ಲ. ಶಿವ ಸ್ವಲ್ಪ ಸರಿದು ಜಾಗ ಕೊಟ್ಟಿದ್ದಾನೆ. ಬಕ್ಕೇಶ್ ಎಂಥ ಸ್ಥಿತಿಯಲ್ಲಿದ್ದರೂ ಅಲ್ಲಿಗೆ ಕೈ ಹಾಕುವುದಿಲ್ಲ ಎಂದು ನಂಬಿದ್ದೆ.

ನಾಲ್ಕನೇ ದಿನ ಸ್ನೇಹಾ ತನ್ನ ಅಮ್ಮನ ಜೊತೆ ಬಂದಳು. ತುಟಿ ವಾಸಿಯಾಗಿತ್ತು. ಅವನ ಮುಂದೆ ನಿಂತು, ‘ಹೊಸ ಆಟೋದಣ್ಣಂಗೆ ನಿದ್ದೀನೇ ಬರಲ್ಲ ಬಕ್ಕೇಶಣ್ಣ, ಯಾರಿಗೂ ಪಾಳಿ ಇಲ್ಲ, ಬೇಜಾರು’ ಎಂದಳು. ಅವನಿಗೆ ಪಾಳಿಯ ವಿಷಯ ಗೊತ್ತಿರಲಿಲ್ಲ. ಮಕ್ಕಳು ಪ್ರೀತಿಯಿಂದ ಕೂಗುತ್ತವೆ ಎಂದುಕೊಂಡಿದ್ದನಂತೆ. ಆಮೇಲೆ ತಾನೇ ಎದ್ದು ಹೋಗಿ ಅಖ್ತರ್ ಬಾನು ಮನೆಯ ಬಾಗಿಲು ಬಡಿದ. ಅಂದಿನಿಂದ ಡಾಕ್ಟರು ಮಾತ್ರೆಯನ್ನು ಇಷ್ಟಿಷ್ಟೇ ಇಳಿಸುತ್ತಿದ್ದಾರೆ. ಬೆವರುತ್ತಾನೆ, ಕೈ ನಡುಗುತ್ತದೆ, ಮಧ್ಯೆ ಒಂದು ದಿನ ಜಾರಿದ, ಬಂದು ತಾನೇ ಹೇಳಿದ. ಊದಿಸಲಿಲ್ಲ ನಾನು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆಯೇನೆಂದರೆ, ತಾವು ಇನ್ನು ಮುಂದೆ ಬಾಯಿಯ ಗಾಳಿಯ ಜೊತೆಗೆ ಮನುಷ್ಯ ಎಲ್ಲರಿಗಿಂತ ತಡವಾಗಿ ನಗುವುದನ್ನೂ ಅಳೆಯುವ ಹಾಗಾಗಬೇಕು. ಚೀಟಿಯಿಲ್ಲದೆ ಮಾತ್ರೆ ಮಾರುವ ಕೈ ಮುಂದೆ ಬಂದರೆ, ಊದದಿದ್ದರೂ ನನ್ನನ್ನು ಕಂಡಾಗ ಕಿರುಚಿದಷ್ಟೇ ಗಟ್ಟಿಯಾಗಿ ಕಿರುಚಬೇಕು. ವ್ಯಸನಮುಕ್ತ ಸಮಾಜದ ಬಗ್ಗೆ ಭಾಷಣ ಮಾಡುವವರ ಮೈಕಿಗೂ ತಮ್ಮ ಕೊಳವೆಯೊಂದನ್ನು ಜೋಡಿಸಬೇಕು. ಹೆಣ್ಣು ನೋಡುವ ಶಾಸ್ತ್ರಗಳಿಗೆ ತಮ್ಮನ್ನು ಕರೆದರೆ ದಯವಿಟ್ಟು ಬರಬಾರದು. ನಾನು ಹೋಗಿ ಕೆಟ್ಟಿದ್ದೇನೆ. ಮತ್ತು ಸೊನ್ನೆ ತೋರಿಸುವಾಗ ಅದರ ಪಕ್ಕದಲ್ಲಿ ಸಣ್ಣದಾಗಿಯಾದರೂ, ‘ನನಗೆ ತಿಳಿದಷ್ಟು ಇಷ್ಟೇ’ ಎಂದು ಬರೆಯಬೇಕು. ಅದನ್ನು ನಾನು ನನ್ನ ಹೊಸ್ತಿಲ ಮೇಲೆ ಬರೆಸಬೇಕಾಗಿತ್ತು.

ಈ ಪತ್ರದ ಒಂದು ಪ್ರತಿ ಹದಡಿಗೆ ಹೋಗುತ್ತಿದೆ. ದ್ರಾಕ್ಷಾಯಣಮ್ಮನವರೇ, ತಮ್ಮ ಅಡಿಗೆಮನೆಯಲ್ಲಿ ನನ್ನ ಮೂಗು ಕೊಟ್ಟ ಸರ್ಟಿಫಿಕೇಟನ್ನು ಈ ಮೂಲಕ ವಾಪಸ್ಸು ಪಡೆದಿದ್ದೇನೆ. ಎಲೆ ಅಡಿಕೆ ಹಿಡಿದದ್ದು ಆ ಮೂಗಿನ ಮೇಲೆ, ಆದ್ದರಿಂದ ಅದೂ ಬಿದ್ದುಹೋಯಿತೆಂದು ತಾವು ಹೇಳಿದರೆ ನನ್ನ ತಕರಾರಿಲ್ಲ. ರೂಪಶ್ರೀ ಎದುರಿಗೆ ಕೂತವರನ್ನು ನೇರ ನೋಡುವ ಹುಡುಗಿ. ನೋಡಿ ಅವಳೇ ಹೇಳಲಿ, ಕಾಯುತ್ತಾಳೋ ಇಲ್ಲವೋ. ಇನ್ನೊಂದು ಪ್ರತಿ ಶಾಲೆಗೆ, ನಿಂಬೆಹಣ್ಣಿನ ನೀರಿಗೆ ಧನ್ಯವಾದದೊಂದಿಗೆ.

ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬರೆಯಬಹುದಿತ್ತು, ತಮಗೆ ಹೊಟ್ಟೆಯಿಲ್ಲ.

ತಮ್ಮ ವಿಶ್ವಾಸಿ, ಇದೇ ಕಸುಬಿನಲ್ಲಿ ತಮಗಿಂತ ಬಹಳ ಹಿರಿಯಳು, ತಮ್ಮಷ್ಟೇ ಮ್ಯಾಲ ಮ್ಯಾಲ ತಿಳಿದವಳು,
ಮರುಳಸಿದ್ದಮ್ಮ
ಹಳೇಪೇಟೆ, ದಾವಣಗೆರೆ

ವಿ.ಸೂ.: ಅಕ್ಷರ ನಡುಗಿರುವ ಕಾರಣ ಕೊನೆಗೆ ಹೇಳುತ್ತೇನೆಂದಿದ್ದೆ. ನನಗೆ ಇಷ್ಟುದ್ದ ಬರೆಯಲು ಬರುವುದಿಲ್ಲ. ನಾನು ಹೇಳುತ್ತಾ ಹೋದೆ, ಬರೆದವನು ಬಕ್ಕೇಶ್. ಹದಡಿಯ ಸಾಲು ಬಂದಾಗ ಪೆನ್ನು ಇಟ್ಟು ಎದ್ದುಹೋದ, ಮುಖ ತೊಳೆದುಕೊಂಡು ಬಂದು ಬರೆದ. ಕೀಲಿ ಎಲ್ಲಿದೆ ಎಂಬುದು ಶಿವದಾರದ ಸಾಲು ಬರೆಯುವ ತನಕ ಅವನಿಗೆ ಗೊತ್ತಿರಲಿಲ್ಲ. ಬರೆದ ಮೇಲೆ ಒಂದು ಸಲ ನನ್ನ ಕುತ್ತಿಗೆಯ ಕಡೆ ನೋಡಿದ. ಆಮೇಲೆ, ‘ಮುಂದೇನು ಬರೀಲಿ ಅಜ್ಜಿ’ ಎಂದ. ಇದನ್ನು ಅಳೆಯುವ ಅಂಕಿ ತಮ್ಮ ಹತ್ತಿರ ಇದ್ದರೆ ಮರುಟಪಾಲಿನಲ್ಲಿ ತಿಳಿಸಬೇಕು.